ಲೈಫ್ ಜಾಕೆಟ್ಟೂ ಜೋಡಿ ಗಿಟುಕೂ

ಹಡಗು ಹತ್ತಿದ ದಿನ ನನಗೆ ಮೊದಲು ಕಲಿಸಿದ್ದು ಹಡಗು ಬಿಟ್ಟು ಹೋಗುವುದು ಹೇಗೆ ಎಂಬುದನ್ನು. ಬಾರ್ಸಿಲೋನಾ ಬಂದರಿನಲ್ಲಿ ಸೂಟ್‌ಕೇಸ್ ಇನ್ನೂ ಕೈಯಲ್ಲೇ ಇತ್ತು. ಎದುರಿಗಿದ್ದದ್ದನ್ನು ಯಾವುದೋ ದೊಡ್ಡ ಕಟ್ಟಡ ಅಂದುಕೊಂಡು, ಅದರ ಬಾಗಿಲಲ್ಲಿ ನಿಂತವನನ್ನೇ ಹಡಗು ಎಲ್ಲಿ ಎಂದು ಕೇಳಿದ್ದೆ. ಒಳಗೆ ಹೋದರೆ ಊಟ ಆಯಿತಾ ಅಂತ ಯಾರೂ ವಿಚಾರಿಸಲಿಲ್ಲ. ಕಿತ್ತಳೆ ಬಣ್ಣದ ದಪ್ಪ ಅಂಗಿಯೊಂದನ್ನು ಕೊರಳಿಗೆ ಇಳಿಸಿ, ಸೊಂಟದ ಪಟ್ಟಿ ಬಿಗಿದು, ಅದಕ್ಕೆ ಕಟ್ಟಿದ್ದ ಸೀಟಿ ತೋರಿಸಿ, "ನೀರಿಗೆ ಬಿದ್ದರೆ ಇದನ್ನು ಊದು" ಅಂದರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ ಕೊಡುತ್ತಾರೆ. ಹೊಸ್ತಿಲು ದಾಟಿದ ಕೂಡಲೇ "ಮನೆ ಕುಸಿದರೆ ಓಡುವ ದಾರಿ ಇದು ನೋಡಿ" ಎಂದು ಹಿತ್ತಿಲ ಬಾಗಿಲು ತೋರಿಸುವವರನ್ನು ನಾನು ಕಂಡಿರಲಿಲ್ಲ.

ನನ್ನದು ಅರಸೀಕೆರೆಯಿಂದ ಮಾಲೇಕಲ್ಲಿನ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿ. ಹೆಸರು ಮಂಜುನಾಥ. ಹಾಸನದಲ್ಲಿ ಕೇಟರಿಂಗ್ ಕೋರ್ಸ್ ಮುಗಿಸಿ, ಬೇಲೂರಿನಲ್ಲಿ ದೇವಸ್ಥಾನ ನೋಡಲು ಬರುವವರು ಉಳಿಯುವ ಒಂದು ಹೋಟೆಲಿಗೆ ಸೇರಿದ್ದೆ. ಅಲ್ಲಿ ನನ್ನ ಕೆಲಸ ರೂಮು ಗುಡಿಸುವುದು, ಕಸುಬು ಮಾತ್ರ ಒಬ್ಬೊಬ್ಬರ ದನಿಯನ್ನೂ ಅಣಕಿಸಿ ಮಾತಾಡುವುದು. ಶಿಲಾಬಾಲಿಕೆಯರ ಕಥೆ ಹೇಳುವ ಗೈಡು, ಅರೇಹಳ್ಳಿ ಬಸ್ಸಿನ ಕಂಡಕ್ಟರು, ಮೂಗಿನಲ್ಲೇ ಲೆಕ್ಕ ಕೇಳುವ ನಮ್ಮ ಮ್ಯಾನೇಜರು, ಯಾರನ್ನೂ ಬಿಡುತ್ತಿರಲಿಲ್ಲ. ಒಂದು ದಿನ ಮ್ಯಾನೇಜರು ಬಾಗಿಲ ಹಿಂದೆ ನಿಂತು ತಮ್ಮದೇ ದನಿ ಕೇಳಿಸಿಕೊಂಡು, "ನೀನು ಇಲ್ಲಿ ಇರಬೇಕಾದವನಲ್ಲ ಕಣಯ್ಯ" ಅಂದರು. ಅದನ್ನು ಹೊಗಳಿಕೆ ಎಂದೇ ತಿಳಿದು ಮುಂಬಯಿಯ ಏಜೆಂಟನನ್ನು ಹಿಡಿದು ಹಡಗಿನ ಕೆಲಸಕ್ಕೆ ಹೊರಟೆ. ಎರಡು ಸಾವಿರದ ಇಸವಿ ಕಳೆದ ಹೊಸತು. ಅಲ್ಲಿಯವರೆಗೆ ನಾನು ನೋಡಿದ್ದ ಅತಿ ದೊಡ್ಡ ನೀರು ಎಂದರೆ ಹಳೇಬೀಡಿನ ಕೆರೆ.

ಹಡಗಿನಲ್ಲಿ ನಮ್ಮ ಮನೆ ನೀರಿನ ಮಟ್ಟಕ್ಕಿಂತ ಕೆಳಗಿತ್ತು. ಎರಡು ಮಂಚ ಒಂದರ ಮೇಲೊಂದು, ನಡುವೆ ಒಬ್ಬರು ನಿಂತರೆ ಇನ್ನೊಬ್ಬರು ಮಲಗಲೇಬೇಕು. ಗೋಡೆಯ ಆಚೆ ಸಮುದ್ರ ಇಡೀ ದಿನ ಪಾತ್ರೆ ತೊಳೆಯುತ್ತಿರುವ ಸದ್ದು. ಕೆಳಗಿನ ಮಂಚದ ರೊಡೆಲ್ ಫಿಲಿಪ್ಪೀನ್ಸಿನವನು, ನನಗಿಂತ ದೊಡ್ಡವನು. ಅವನನ್ನು ಎಲ್ಲರೂ ಕೂಯಾ ಅನ್ನುತ್ತಿದ್ದರು. ಅವರ ಭಾಷೆಯಲ್ಲಿ ಕೂಯಾ ಎಂದರೆ ಅಣ್ಣ. ನಾನೂ ಹಾಗೇ ಕರೆದೆ. ಅಣ್ಣ ಅನ್ನುವುದಕ್ಕೆ ಯಾರೋ ಸಿಕ್ಕರೆ ಅರ್ಧ ಊರು ಸಿಕ್ಕ ಹಾಗೆ. ಮೆಸ್ಸಿನಲ್ಲಿ ಮೂರು ಹೊತ್ತೂ ಅನ್ನ ಇರುತ್ತಿತ್ತು, ಅದರ ಮೇಲೆ ಹುಯ್ದುಕೊಳ್ಳುವ ಸಾರು ಮಾತ್ರ ಇಲ್ಲ. ಅಮ್ಮ ಕೊಟ್ಟಿದ್ದ ಕೊಬ್ಬರಿ ತುರಿದು ಬರೀ ಅನ್ನಕ್ಕೆ ಕಲೆಸುತ್ತಿದ್ದರೆ ಕೂಯಾ ಬಗ್ಗಿ ನೋಡಿ, "ನೀವೂ ತೆಂಗಿನವರಾ?" ಅಂದ. ಅವತ್ತಿನಿಂದ ನಾವು ನೆಂಟರು.

ನನ್ನ ಪಾಲಿಗೆ ಬಂದದ್ದು ಪ್ರಯಾಣಿಕರ ಕ್ಯಾಬಿನ್ನುಗಳ ಒಂದು ಸಾಲು. ಹಾಸಿಗೆ ಸರಿ ಮಾಡಬೇಕು, ಟವಲ್ಲನ್ನು ಆನೆಯ ಆಕಾರಕ್ಕೆ ಮಡಚಿ ಇಡಬೇಕು. ಹೊಯ್ಸಳರು ಕಲ್ಲಿನಲ್ಲಿ ಸಾಲು ಸಾಲು ಆನೆ ಕೆತ್ತಿದ ಊರಿನ ಕಡೆಯವನು ಟವಲ್ಲಿನಲ್ಲಿ ಕೆತ್ತಿದೆ. ನನ್ನವು ಸಂಜೆಗೆ ಬಿಚ್ಚಿಕೊಳ್ಳುತ್ತಿದ್ದವು, ಅಷ್ಟೇ ವ್ಯತ್ಯಾಸ. ಇದರ ಜೊತೆಗೆ ಪ್ರತಿ ಬೀರುವಿನ ಮೇಲಿನ ಅರೆಯಲ್ಲಿ ಲೈಫ್ ಜಾಕೆಟ್ಟುಗಳು ಇವೆಯೇ ಎಂದು ದಿನಾ ನೋಡಬೇಕು. ಅವು ಇದ್ದಲ್ಲಿ ಇರುತ್ತಲೇ ಇರಲಿಲ್ಲ. ಒಬ್ಬರು ತಲೆದಿಂಬು ಮಾಡಿಕೊಂಡರೆ ಇನ್ನೊಬ್ಬರು ಸೂಟ್‌ಕೇಸಿನ ಹಿಂದೆ ತುರುಕುತ್ತಿದ್ದರು. ಮಕ್ಕಳು ಹಾಕಿಕೊಂಡು ಕಾರಿಡಾರಿನಲ್ಲಿ ಢಿಕ್ಕಿ ಆಟ ಆಡುತ್ತಿದ್ದರು.

ಒಂಟಿತನಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಮದ್ದು. ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಅಮ್ಮನ ದನಿಯಲ್ಲಿ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಅದಕ್ಕೆ ಅಮ್ಮನ ತಮ್ಮ ರಂಗಸ್ವಾಮಿ ಮಾವನ ಗೊಗ್ಗರು ದನಿಯಲ್ಲಿ ಉತ್ತರ ಕೊಡುತ್ತಿದ್ದೆ. ನಡುವೆ ಕಂಡಕ್ಟರು ಬಂದು "ಒಳೀಕ್ ನಡೀರಿ, ಒಳೀಕ್ ನಡೀರಿ" ಅಂತ ನೂಕುತ್ತಿದ್ದ. ಹೊರಗೆ ಬಂದರೆ ಕೂಯಾ ಕೇಳುತ್ತಿದ್ದ, "ಮುಗಿಯಿತಾ? ಎಲ್ಲರೂ ಹೊರಗೆ ಬಂದರಾ?" ತಿಂಗಳುಗಳು ಕಳೆದ ಹಾಗೆ ಒಂದೊಂದು ದನಿಯೂ ಸವೆಯತೊಡಗಿತು. ಬಂದರಿಗೆ ಬಂದಾಗ ಫೋನ್ ಕಾರ್ಡು ಹಾಕಿ ಮನೆಗೆ ಮಾಡುತ್ತಿದ್ದೆ. ಅಮ್ಮ ನಾಲ್ಕು ಮಾತು ಬೈದರೆ ಸಾಕು, ಮತ್ತೆ ಸರಿಹೋಗುತ್ತಿತ್ತು.

ಇನ್ನು ಆ ಮಧ್ಯಾಹ್ನದ ಮಾತು. ನನ್ನ ಸಾಲಿನ ಕ್ಯಾಬಿನ್ನೊಂದರಲ್ಲಿ ಆರ್ಥರ್, ಮಾರ್ಗರೆಟ್ ಎಂಬ ವಯಸ್ಸಾದ ಇಂಗ್ಲಿಷ್ ದಂಪತಿ ಇದ್ದರು. ಆಕೆಗೆ ಮಂಡಿ ನೋವು, ಕೋಲು ಹಿಡಿದೇ ನಡೆಯಬೇಕು. ಆತ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, "ಮ್ಯಾಗಿ, ಮ್ಯಾಗಿ" ಎಂದು ಹೆಂಡತಿಯನ್ನು ಕರೆಯುತ್ತ ಅದನ್ನೇ ಇಡೀ ಕ್ಯಾಬಿನ್ ಹುಡುಕುವವರು. ಆಕೆಯ ಎದುರಿಗೆ ನಾನು ಆತನ ಹಾಗೆ ಗೊಣಗಿ ತೋರಿಸಿದರೆ ಆಕೆಗೆ ಭಾರಿ ಖುಷಿ. ಅವತ್ತು ಅವರಿಬ್ಬರೂ ಮೇಲಿನ ಅಂತಸ್ತಿನಲ್ಲಿ ಊಟಕ್ಕೆ ಕೂತಿದ್ದಾಗ ಅಪಾಯದ ಸದ್ದು ಮೊಳಗಿತು. ಕೆಳಗೆ ಬಟ್ಟೆ ಒಗೆಯುವ ಕಡೆಯಿಂದ ಹೊಗೆ ಬಂದಿತ್ತು. ಇದು ತಾಲೀಮಲ್ಲ ಎಂದು ಕ್ಯಾಪ್ಟನ್ನರ ದನಿ ಹೇಳಿತು.

ಹಾಗಾದಾಗ ಎಲ್ಲರೂ ಬಂದು ಸೇರಬೇಕಾದ ಜಾಗಕ್ಕೆ ಮಸ್ಟರ್ ಸ್ಟೇಷನ್ ಅನ್ನುತ್ತಾರೆ. ನಮ್ಮ ಕಡೆ ರಸ್ತೆ ಕೆಲಸದ ಕೂಲಿಯವರ ಹಾಜರಿಗೆ ಮಸ್ಟರ್ ಅನ್ನುವುದುಂಟಲ್ಲ, ಇದೂ ಹಾಜರಿಯೇ, ಕೂಲಿ ಒಂದಿಲ್ಲ. ನನ್ನ ಜಾಗ ಅಲ್ಲಿ. ಬಂದವರಿಗೆ ಜಾಕೆಟ್ ತೊಡಿಸಬೇಕು, ಏನಾದರೂ ಆಗಲಿ ಅಲ್ಲಿಂದ ಕದಲಬಾರದು. ಆದರೆ ಜಾಕೆಟ್ಟುಗಳು ಇರುವುದು ಕ್ಯಾಬಿನ್ನಿನಲ್ಲಿ. ಊಟಕ್ಕೆ, ಈಜುಕೊಳಕ್ಕೆ, ಬಿಸಿಲಿಗೆ ಎಂದು ಮೇಲೆ ಬಂದವರೆಲ್ಲ ಅವನ್ನು ತರಲು ಕೆಳಗೆ ಇಳಿದರು. ತಂದವರು ಮೇಲೆ ಹತ್ತಿದರು. ಲಿಫ್ಟು ನಿಲ್ಲಿಸಿದ್ದರು. ಮೆಟ್ಟಿಲಿನ ಮೇಲೆ ಅರಸೀಕೆರೆ ಸ್ಟೇಷನ್ನಿನಲ್ಲಿ ಎರಡು ರೈಲು ಒಟ್ಟಿಗೆ ಬಂದ ಹಾಗಾಯಿತು.

ಮಾರ್ಗರೆಟ್ ಒಬ್ಬರೇ ಬಂದರು.

"ಆರ್ಥರ್ ಎಲ್ಲಿ ಅಮ್ಮಾ?"

"ನಮ್ಮ ಜಾಕೆಟ್ ತರಲು ಕೆಳಗೆ ಹೋಗಿದ್ದಾರೆ."

ಸ್ಟೇಷನ್ನಿನ ಪೆಟ್ಟಿಗೆಯಲ್ಲಿ ಕೆಲವು ಹೆಚ್ಚುವರಿ ಜಾಕೆಟ್ ಇದ್ದವು. ಒಂದನ್ನು ತೆಗೆದು ಹಿಡಿದೆ. ಆಕೆ ಕೈಯಿಂದ ತಳ್ಳಿದರು. "ಅವರು ಅಷ್ಟು ದೂರ ಹೋಗಿ ತಂದಾಗ ನಾನು ಬೇರೆ ಯಾವುದನ್ನೋ ಹಾಕಿಕೊಂಡು ಕೂತಿರುವುದಾ? ನಾನು ಕಾಯುತ್ತೇನೆ, ಮಂಜು." ಹೊಗೆ ಎದ್ದದ್ದು ಅವರ ಕ್ಯಾಬಿನ್ನು ಇದ್ದ ಭಾಗದ ಕೆಳಗೇ ಎಂದು ವೈರ್‌ಲೆಸ್ಸಿನಲ್ಲಿ ಯಾರೋ ಹೇಳಿದ್ದು ಆಕೆಯ ಕಿವಿಗೂ ಬಿತ್ತು. ಕೋಲು ಊರಿ ಎದ್ದು ನಿಂತರು. "ನಾನು ಹೋಗಿ ಕರೆದುಕೊಂಡು ಬರುತ್ತೇನೆ."

ಆ ಮಂಡಿಯಲ್ಲಿ, ಆ ಜನರ ನಡುವೆ, ಆ ಮೆಟ್ಟಿಲು. ಮೆಟ್ಟಿಲಿನ ಬಳಿ ಇದ್ದ ಕೂಯಾನಿಗೆ ಆರ್ಥರ್ ಹೆಸರು, ಕ್ಯಾಬಿನ್ ನಂಬರು ಕೂಗಿ ಹೇಳಿದೆ. ಅವನು ಕೆಳಗಿನವರಿಗೆ ವೈರ್‌ಲೆಸ್ಸಿನಲ್ಲಿ ತಿಳಿಸಿದ. ಆಕೆಯನ್ನು ಬಲವಂತವಾಗಿ ಹಿಡಿದು ಕೂರಿಸುವುದು ನನ್ನಿಂದಾಗದು. ನನ್ನ ಹತ್ತಿರ ಇದ್ದದ್ದು ಗಂಟಲು ಮಾತ್ರ. ಆರ್ಥರರ ಹಾಗೆ ಹಣೆ ತಡವಿಕೊಂಡು ಅವರ ದನಿಯಲ್ಲೇ ಗೊಣಗಿದೆ: "ಮ್ಯಾಗಿ, ಎಲ್ಲಿಗೂ ಹೋಗಬೇಡ. ನನಗೆ ಕನ್ನಡಕವೇ ಸಿಗುತ್ತಿಲ್ಲ, ನೀನೂ ಕಳೆದುಹೋದರೆ ಎರಡನ್ನೂ ಹುಡುಕಬೇಕಾಗುತ್ತದೆ."

ಆಕೆ ನನ್ನ ಮುಖ ನೋಡಿದರು. ನಗುವರೋ ಅಳುವರೋ ತಿಳಿಯಲಿಲ್ಲ. ಎರಡೂ ಆಯಿತು. ಕೂತರು. ನನ್ನ ತೋಳು ಬಿಡಲಿಲ್ಲ. "ಮಾತಾಡು" ಅಂದರು. ನಾನು ಆರ್ಥರ್ ಆಗಿ ಮಾತಾಡುತ್ತಲೇ ಇನ್ನೊಬ್ಬರಿಗೆ ಪಟ್ಟಿ ಬಿಗಿದೆ, ಮಗುವೊಂದಕ್ಕೆ ಸೀಟಿ ಸಿಕ್ಕಿಸಿದೆ. ಬಾಯಿ ಅವರದ್ದು, ಕಣ್ಣು ಮಾತ್ರ ನನ್ನದು, ಮೆಟ್ಟಿಲಿನ ಮೇಲೆ. ನಗಿಸುವುದಕ್ಕಲ್ಲದೆ ಬೇರೆ ಯಾವುದಕ್ಕೂ ನಾನು ಯಾರ ದನಿಯನ್ನೂ ತೆಗೆದಿರಲಿಲ್ಲ. ಈ ಮನುಷ್ಯ ಬರದೇ ಹೋದರೆ ಈ ದನಿಯನ್ನು ಎಲ್ಲಿ ಇಡುವುದು ಅನ್ನಿಸಿತು.

ಮೆಟ್ಟಿಲಿನ ಮೇಲೆ ಜನ ಕಡಿಮೆಯಾದ ಮೇಲೆ ಆರ್ಥರ್ ಬಂದರು. ಒಂದು ಕೈಯಲ್ಲಿ ಎರಡು ಜಾಕೆಟ್, ಇನ್ನೊಂದರಲ್ಲಿ ಹೆಂಡತಿಯ ಸ್ವೆಟರ್, ಹಣೆಯ ಮೇಲೆ ಕನ್ನಡಕ. "ಸೂಟ್‌ಕೇಸಿನ ಹಿಂದೆ ಇತ್ತು" ಅಂದರು. ಮಾರ್ಗರೆಟ್ ಅವರ ಎದೆಗೆ ಕೋಲಿನಿಂದ ಮೆಲ್ಲಗೆ ಒಂದು ತಿವಿದರು. ಹೊಗೆ ಅಷ್ಟು ಹೊತ್ತಿಗೆ ಅಡಗಿತ್ತು. ಯಾರೂ ನೀರಿಗೆ ಇಳಿಯಬೇಕಾಗಲಿಲ್ಲ.

ಮರುದಿನ ಸೇಫ್ಟಿ ಆಫೀಸರು ನಮ್ಮನ್ನೆಲ್ಲ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ಇಷ್ಟು ದೊಡ್ಡ ಹಡಗಿನಲ್ಲಿ ಲೈಫ್ ಜಾಕೆಟ್ ಎಲ್ಲಿ ಇರಬೇಕು? ಮಸ್ಟರ್ ಸ್ಟೇಷನ್ನಿನಲ್ಲೇ ಇದ್ದರೆ ಯಾರೂ ಕೆಳಗೆ ಇಳಿಯಬೇಕಿರಲಿಲ್ಲ ಅಂದರು ಕೆಲವರು. ಕೂಯಾ ಒಪ್ಪಲಿಲ್ಲ. "ಮಲಗಿದ್ದಾಗ ಆದರೆ? ಸ್ಟೇಷನ್ನಿನ ದಾರಿಯೇ ಮುಚ್ಚಿಹೋದರೆ? ಬೀರುವಿನಲ್ಲಿದ್ದರೆ ಕೈಗೆ ಸಿಗುತ್ತದೆ." ವಾದ ಕಾವೇರಿತು. ನನಗೆ ಒಳಗೊಳಗೇ ನಗು. ಈ ಜಗಳವನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ.

ನಮ್ಮ ತೋಟದ ಬಾವಿಯಲ್ಲಿ ನನಗೆ ಈಜು ಕಲಿಸಿದ್ದು ರಂಗಸ್ವಾಮಿ ಮಾವ. ಕಲಿಸುವ ಸಾಧನ ಜೋಡಿ ಗಿಟುಕು. ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಒಳಗೆ ಕೊಬ್ಬರಿಯಾಗಿ, ಅಲ್ಲಾಡಿಸಿದರೆ ಗಡಗಡ ಅನ್ನುವ ಎರಡು ಕಾಯಿ. ನಡುವೆ ಮೊಳದುದ್ದ ಹಗ್ಗ. ಹಗ್ಗದ ಮೇಲೆ ಎದೆ ಇಟ್ಟರೆ ಕಂಕುಳಿಗೊಂದು ಕಾಯಿ, ಆನೆಯಂಥವನೂ ತೇಲುತ್ತಾನೆ. ಅವನ್ನು ಎಲ್ಲಿಡಬೇಕು ಎಂಬುದರಲ್ಲಿ ಮಾತ್ರ ಅಕ್ಕ ತಮ್ಮನಿಗೆ ಎಂದೂ ಹೊಂದಲಿಲ್ಲ.

"ಬಾವಿ ಹತ್ರ ಬುಟ್ರೆ ದಾರೀಲಿ ಹೋಗೋರು ಚಟ್ನಿಗೆ ಎತ್ಕೊಂಡೋಯ್ತಾರೆ. ಅಟ್ಟದ ಮ್ಯಾಲೆ ಮಡಗು" ಅನ್ನುತ್ತಿದ್ದಳು ಅಮ್ಮ.

"ಅಲ್ಲಕ್ಕ, ಮುಳುಗೋನು ಮನೆಗೆ ಬಂದು, ಅಟ್ಟ ಹತ್ತಿ, ಗಿಟುಕು ಇಳಿಸ್ಕಂಡು ಹೋಗಿ ಆಮೇಲೆ ಮುಳುಗ್ತಾನಾ?"

"ಮುಳುಗೋ ಕೆಲ್ಸ ಇದ್ರೆ ಮನೇಲಿ ಹೇಳಿ ಹೋಗ್ಲಿ."

ಮಾವ ಗೆದ್ದು ಬಾವಿಯ ಗಡಗಡೆಯ ಕಂಬಕ್ಕೆ ನೇತುಹಾಕಿದ. ಗೌರಿ ಹಬ್ಬದ ಹಿಂದಿನ ದಿನ ಅಮ್ಮ ಯಾರಿಗೂ ಹೇಳದೆ ಬಿಚ್ಚಿಕೊಂಡು ಬಂದಳು. ಹೋಳಿಗೆಗೆ ಅಷ್ಟು ಚೆನ್ನಾಗಿ ಒಣಗಿದ ಕೊಬ್ಬರಿ ಬೇರೆ ಇರಲಿಲ್ಲವಂತೆ. ಅವತ್ತೇ ನಾನು ಗೆಳೆಯರ ಮುಂದೆ ಮಾವ ಹಾರುವ ಠೀವಿಯನ್ನು ಅಣಕಿಸಿ ತೋರಿಸಲು ಹೋಗಿ ಬಾವಿಗೆ ಧುಮುಕಿದೆ. "ಗಿಟುಕು ಎಸೀರೋ" ಅಂದರೆ ಕಂಬದಲ್ಲಿ ಬರೀ ಮೊಳೆ. ಪಕ್ಕದ ಪಾತಿಯಲ್ಲಿದ್ದ ಮಾವ ಪಂಚೆಯಲ್ಲೇ ಹಾರಿ ಜುಟ್ಟು ಹಿಡಿದು ಎಳೆದ. ಮಾರನೆಯ ದಿನ ಎಲೆಯ ಮುಂದೆ ಕೂತು, ಹೋಳಿಗೆ ಮುರಿದು ಬಾಯಿಗಿಟ್ಟು, "ನಿನ್ ಪ್ರಾಣ ಚೆನ್ನಾಗೈತೆ ಕಣ್ಲಾ. ಬೆಲ್ಲ ಒಂಚೂರು ಕಮ್ಮಿ" ಅಂದ.

ಇದನ್ನೆಲ್ಲ ಆ ಸಭೆಯಲ್ಲಿ ನಾನು ಅಮ್ಮ, ಮಾವ ಇಬ್ಬರ ದನಿಯಲ್ಲೂ ಆಡಿ ತೋರಿಸಿದೆ. ಭಾಷೆ ತಿಳಿಯದವರೂ ನಕ್ಕರು. ಆಫೀಸರು ನಗು ತಡೆದುಕೊಂಡು, "ಸರಿ, ನಿನ್ನ ಓಟು ಯಾರಿಗೆ?" ಅಂದರು.

"ಹಗಲು ಮಾವನಿಗೆ, ರಾತ್ರಿ ಅಮ್ಮನಿಗೆ ಸಾರ್. ಹೆಚ್ಚಿನವು ಸ್ಟೇಷನ್ನಿನಲ್ಲಿರಲಿ. ನಡೆಯಲಾಗದವರ ಕ್ಯಾಬಿನ್ನಿನಲ್ಲಿ ಮಾತ್ರ ಒಂದೊಂದು ಇರಲಿ."

ಅವರು ಬರೆದುಕೊಂಡರು. ನನ್ನ ಮಾತಿನಿಂದ ಏನಾದರೂ ಬದಲಾಯಿತು ಎಂದು ಜಂಬ ಕೊಚ್ಚಿದರೆ ಮಾವ ಅಲ್ಲಿಂದಲೇ ಉಗಿಯುತ್ತಾನೆ. ಮುಂದಿನ ಸಲ ನಾನೂ ಕೂಯಾನೂ ಸೇರಿದ ಹೊಸ ಹಡಗಿನಲ್ಲಿ ಜಾಕೆಟ್ಟುಗಳನ್ನು ಮೊದಲೇ ಮಸ್ಟರ್ ಸ್ಟೇಷನ್ನಿನ ಬೀರುಗಳಲ್ಲಿ ಜೋಡಿಸಿದ್ದರು. ನಮ್ಮವೂ ಅಲ್ಲೇ. ಕೆಲಸ ಹಗುರಾಯಿತು. ಆದರೂ ಕ್ಯಾಬಿನ್ನಿಗೆ ಹೋದರೆ ಕೈ ತಾನಾಗಿ ಮೇಲಿನ ಅರೆಗೆ ಹೋಗುತ್ತದೆ. ಅಲ್ಲಿ ಯಾರದೋ ಟೋಪಿ ಇರುತ್ತದೆ.

ಆ ಎರಡು ಹಡಗುಗಳ ನಡುವೆ ರಜೆಗೆ ಊರಿಗೆ ಹೋಗಿದ್ದೆ. ಮಾವ ಜಗುಲಿಯ ಮೇಲೆ ಕೂತಿದ್ದ. ಸ್ನಾನದ ಕೋಣೆಯಲ್ಲಿ ವರ್ಷಗಟ್ಟಲೆ ಕಾಪಾಡಿದ್ದ ಗೊಗ್ಗರು ದನಿಯಲ್ಲೇ ಅವನನ್ನು ಮಾತಾಡಿಸಿದೆ. ಮಾವ ಕಣ್ಣು ಕಿರಿದು ಮಾಡಿ, "ಯಾರ್ಲಾ ಇದು, ಯಾರ ತರ ಮಾಡ್ತಿದ್ದೀಯಾ?" ಅಂದ. ಮುಂದಿನ ಹಲ್ಲು ಬಿದ್ದು ಅವನ ಮಾತೆಲ್ಲ ಗಾಳಿಯಾಗಿತ್ತು. "ಇವ್ನು ಯಾವತ್ತೂ ಹಂಗೆ ಮಾತಾಡ್ತಾನೇ ಇರ್ಲಿಲ್ಲ ಬುಡು" ಅಂದಳು ಅಮ್ಮ. ಹಾಗಾದರೆ ನನ್ನ ಮಾವ ಈಗ ಇರುವುದು ಹಡಗಿನಲ್ಲಿ ಮಾತ್ರ. ಊಟಕ್ಕೆ ಕೂತಾಗ ನಾನು ಗಿಟುಕಿಗೆ "ಫ್ಲೋಟು" ಅಂದುಬಿಟ್ಟೆ. ಮಾವ ಅದನ್ನೇ ಹಿಡಿದುಕೊಂಡು, ನಾನು ಇಂಗ್ಲಿಷಿನಲ್ಲಿ ನೀರು ಕೇಳುವುದನ್ನು ಸಂಜೆಯವರೆಗೂ ಅಣಕಿಸಿದ. ನನ್ನ ವಿದ್ಯೆ ಎಲ್ಲಿಂದ ಬಂದದ್ದು ಎಂದು ಗೊತ್ತಾಯಿತು.

ಬೋರ್‌ವೆಲ್ ಬಂದ ಮೇಲೆ ಬಾವಿಗೆ ಯಾರೂ ಇಳಿಯುವುದಿಲ್ಲ. ಆದರೂ ಹೊರಡುವ ಹಿಂದಿನ ದಿನ ಅಮ್ಮ ಅಟ್ಟದಿಂದ ಹೊಸ ಜೋಡಿ ಗಿಟುಕು ಇಳಿಸಿದಳು. ಕಟ್ಟಿ ಇಟ್ಟಿದ್ದಳು, ನಾನು ಹಡಗಿಗೆ ಸೇರಿದ ವರ್ಷವೇ.

"ತಗೊಂಡೋಗು. ಸಮುದ್ರದ ಮೇಲೆ ಇರೋನು."

"ಇಡೀ ಕಾಯಿ ವಿಮಾನದಲ್ಲಿ ಬಿಡಲ್ಲ ಕಣಮ್ಮ. ಇಲ್ಲೇ ಇರಲಿ."

"ಇಲ್ಲಿದ್ರೆ ನಿನಗೇನು ಉಪಯೋಗ?"

"ಬಾವಿ ಹತ್ರ ಮಡಗು ಅಂದೆ, ಕೇಳಿದ್ಯಾ?" ಅಂದ ಮಾವ ಜಗುಲಿಯಿಂದಲೇ.

ಅಮ್ಮ ಹಗ್ಗ ಬಿಚ್ಚಿದಳು. ಒಂದನ್ನು ಸುಲಿದು, ಒಡೆದು, ಹುರಿದ ಮೆಣಸಿನಕಾಯಿ ಹಾಕಿ ಚಟ್ನಿಪುಡಿ ಕುಟ್ಟಿ ಡಬ್ಬಿಗೆ ತುಂಬಿದಳು. ಇನ್ನೊಂದನ್ನು ತಿರುಗಿ ಅಟ್ಟದ ಮೇಲೆ ಇಟ್ಟಳು.

ಡಬ್ಬಿ ಈಗ ನನ್ನ ಕ್ಯಾಬಿನ್ನಿನಲ್ಲಿ, ಮೊದಲಾಗಿದ್ದರೆ ಲೈಫ್ ಜಾಕೆಟ್ ಇರುತ್ತಿದ್ದ ಮೇಲಿನ ಅರೆಯಲ್ಲಿದೆ. ಕೂಯಾನಿಗೂ ದಿನಾ ಒಂದು ಚಮಚ. ಜೋಡಿಯ ಇನ್ನೊಂದು ಅರಸೀಕೆರೆ ಕಡೆಯ ಅಟ್ಟದಲ್ಲಿದೆ. ಎದೆ ಎಲ್ಲಿಡಬೇಕೋ ಅಲ್ಲೇ ಇಟ್ಟಿದ್ದೇನೆ, ಎರಡರ ನಡುವೆ. ಹಗ್ಗ ಮಾತ್ರ ಸ್ವಲ್ಪ ಉದ್ದವಾಗಿದೆ.