ಫೆಬ್ರವರಿಯ ಸಂಬಳ

ಮಾತಾಡುವಾಗ ಅವರ ಕುತ್ತಿಗೆಯ ನರ ಬೆರಳಿನಷ್ಟು ದಪ್ಪಕ್ಕೆ ಉಬ್ಬುತ್ತಿತ್ತು. ಕೊಪ್ಪದ ನಮ್ಮ ಕಾಲೇಜಿನಲ್ಲಿ ಸಂಬಳ ನೋಡಿಕೊಳ್ಳುತ್ತಿದ್ದ ಗುಮಾಸ್ತರು ಅವರು. ಮೆಲ್ಲಗೆ ಮಾತಾಡುವ ವಿದ್ಯೆ ಅವರಿಗೆ ಒಲಿದಿರಲಿಲ್ಲ. ನನ್ನ ಆದಾಯ ತೆರಿಗೆಯ ವಿಚಾರವನ್ನು ಕಚೇರಿಯಲ್ಲಿ ಎತ್ತಿದರೆ ಮೈದಾನದಲ್ಲಿ ವಾಲಿಬಾಲ್ ಆಡುವವರು ತಿರುಗಿ ನೋಡುತ್ತಿದ್ದರು.

ತೆರಿಗೆಯನ್ನು ತಿಂಗಳು ತಿಂಗಳೂ ಸಂಬಳದಲ್ಲಿ ಮುರಿದುಕೊಳ್ಳಬೇಕು. ನಮ್ಮ ರೂಢಿಯೇ ಬೇರೆ. "ಈ ತಿಂಗಳು ಬೇಡ ಮಾರಾಯ್ರೆ, ಖರ್ಚಿದೆ" ಎಂದು ಗೋಗರೆದು ಎಲ್ಲವನ್ನೂ ಫೆಬ್ರವರಿಗೆ ತಳ್ಳುತ್ತಿದ್ದೆವು. ಫೆಬ್ರವರಿಯಲ್ಲಿ ಸಂಬಳ ಬಂದ ಹಾಗೇ ಇರುತ್ತಿರಲಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸು ಓಡುವ ನಾನು, ಇದೊಂದನ್ನು ಮಾತ್ರ ಮಹಾ ಧೈರ್ಯಸ್ಥನಂತೆ ಮುಂದೂಡುತ್ತಿದ್ದೆ. ಆಮೇಲೆ ವರ್ಷವಿಡೀ ಅದನ್ನೇ ನೆನೆದು ನಿದ್ದೆಗೆಡುತ್ತಿದ್ದೆ.

ಒಂದು ವರ್ಷ ಫೆಬ್ರವರಿ ಸಂಬಳದಲ್ಲಿ ಕಿವಿಯ ಮೆಷಿನ್ ತಂದುಕೊಡುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟುಬಿಟ್ಟೆ. ತೆರಿಗೆ ಇಳಿಸಲು ನನಗೆ ತೋರಿದ್ದು ಒಂದೇ ದಾರಿ. ನಾವಿರುವ ಜಯಪುರದ ಮನೆ ಅಮ್ಮನ ಹೆಸರಿನಲ್ಲಿದೆ. ಪ್ರತಿ ತಿಂಗಳೂ ಅವಳ ಖಾತೆಗೆ ಹಣ ಹಾಕುತ್ತೇನೆ. ಅದು ಬಾಡಿಗೆ ಎಂದು ಅವಳೊಂದು ರಶೀದಿ ಕೊಟ್ಟರಾಯಿತು.

"ಮಗನಿಂದ ಬಾಡಿಗೆ ವಸೂಲಿ ಮಾಡುವವಳು ಅನ್ನಿಸ್ಕೊಳ್ಬೇಕಾ ನಾನು? ಸಹಿ ಹಾಕುದಿಲ್ಲ" ಎಂದಳು ಅಮ್ಮ.

ಗುಮಾಸ್ತರಿಗೆ ಹೇಳಿಕೊಂಡರೆ, "ರಶೀದಿ ಇಲ್ದೆ ಆಗೂದಿಲ್ಲ. ನಾನೇ ಬಂದು ಕೇಳ್ತೇನೆ ಬಿಡಿ" ಎಂದರು.

ಭಾನುವಾರ ಬಂದೇಬಿಟ್ಟರು. ಕಾಫಿ ಲೋಟ ಕೈಗೆ ಬರುವ ಮೊದಲೇ, "ಅಮ್ಮಾ, ಮಗ ಬಾಡಿಗೆ ಕೊಡ್ತಾನಾ?" ಎಂದು ಕೇಳಿದರು. ಕಿವಿ ಕೇಳದವರು ಎದುರಿಗಿದ್ದಾರೆಂದು ಗಂಟಲಿಗೆ ಇನ್ನಷ್ಟು ಹುರುಪು. ಎದುರಿನ ಅಂಗಡಿಯಲ್ಲಿ ಟೈಲರ್ ಹೊಲಿಯುವುದನ್ನು ನಿಲ್ಲಿಸಿದ.

"ಎಂತ ಬಾಡಿಗೆ? ಅವ ಕೊಡುದು ಮನೆಖರ್ಚಿಗೆ" ಎಂದಳು ಅಮ್ಮ, ಅಷ್ಟೇ ಜೋರಾಗಿ.

"ಕೇಳಿದ್ರಲ್ಲ ಮೇಷ್ಟ್ರೆ, ಮುಗೀತು" ಎಂದು ಅವರು ಕಾಫಿ ಕುಡಿದರು. ಆಮೇಲೆ ಇಬ್ಬರೂ ಹಲಸಿನ ಹಪ್ಪಳದ ಹದದ ಬಗ್ಗೆ ಬಹಳ ಹೊತ್ತು ಕೂಗಾಡಿಕೊಂಡರು. ಅಮ್ಮ ನಗುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ಆ ಫೆಬ್ರವರಿಯ ಸಂಬಳ ತೆರಿಗೆಗೇ ಹೋಯಿತು, ಮೆಷಿನ್ ಬರಲಿಲ್ಲ. ಸಾಲದ್ದಕ್ಕೆ ಏಪ್ರಿಲ್ ಸಂಬಳದಲ್ಲೂ ತೆರಿಗೆ ಮುರಿದಿದ್ದರು, ನನ್ನನ್ನೊಂದು ಮಾತು ಕೇಳದೆ. ಜಗಳಕ್ಕೇ ಹೋದೆ.

"ಇನ್ನು ತಿಂಗಳು ತಿಂಗಳೂ ಹಿಡೀತೇನೆ. ಬರೋ ಫೆಬ್ರವರಿಗೆ ಸಂಬಳ ಕೈಗೆ ಸಿಗ್ತದೆ. ಕಾನೂನಿರೋದೂ ಹಾಗೇ. ನಿಮ್ಮ ಗೋಳು ಕೇಳಿ ಇಷ್ಟು ವರ್ಷ ಬಿಟ್ಟಿದ್ದೇ ನನ್ನ ತಪ್ಪು."

"ಅಲ್ಲಿವರೆಗೆ ನಾನೇನು ಮಾಡ್ಲಿ?"

"ನಂಗೆ ಬೈಕೊಳ್ಳಿ. ಫೆಬ್ರವರಿವರೆಗೂ ಬೈಕೊಳ್ಳಿ."

ಬೈದೆ. ಸಂಬಳದ ಮೆಸೇಜು ಬಂದಾಗಲೆಲ್ಲ ಕೊಪ್ಪದಿಂದ ಜಯಪುರದವರೆಗೆ ಬಸ್ಸಿನಲ್ಲಿ ಕೂತು ಮನಸಾರೆ ಬೈದೆ. ಮುಂದಿನ ಫೆಬ್ರವರಿಯಲ್ಲಿ ಉಳಿದ ತಿಂಗಳುಗಳಲ್ಲಿ ಬಂದಷ್ಟೇ ಸಂಬಳ ಬಂತು. ಅಮ್ಮನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಮೆಷಿನ್ ಹಾಕಿಸಿದೆ. ಗುಮಾಸ್ತರಿಗೆ ಥ್ಯಾಂಕ್ಸ್ ಹೇಳಲು ಹೋದರೆ, "ಬೈಯೋದು ನಿಲ್ಲಿಸ್ಬೇಡಿ, ಏಪ್ರಿಲ್ ಬಂತು" ಎಂದರು, ಇಡೀ ಕಾಲೇಜಿಗೆ ಕೇಳುವ ಹಾಗೆ.

ನಿವೃತ್ತರಾದ ಮೇಲೆ ಅವರು ನರಸಿಂಹರಾಜಪುರದ ಮಗಳ ಮನೆ ಸೇರಿದರು. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಈಗ ತೆರಿಗೆಯನ್ನು ಕಂಪ್ಯೂಟರೇ ಮುರಿಯುತ್ತದೆ. ಹಳೇ ಪದ್ಧತಿಯೋ ಹೊಸ ಪದ್ಧತಿಯೋ ಎಂದು ಕೇಳುತ್ತದೆ. ಹೊಸದನ್ನು ಒತ್ತುತ್ತೇನೆ, ಹಳೆಯದೇ ಒಳ್ಳೆಯದಿತ್ತೇನೋ ಎಂದು ವಾರಗಟ್ಟಲೆ ಒದ್ದಾಡುತ್ತೇನೆ. ಬೈಯೋಣವೆಂದರೆ ಎದುರಿಗೆ ಯಾರೂ ಇಲ್ಲ.

ಅವರು ಹೋದ ಸುದ್ದಿಯನ್ನು ಅಮ್ಮನಿಗೆ ಹೇಳಿದೆ. ಅವಳು ಕಿವಿಯ ಮೆಷಿನ್ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅವ್ರ ಹತ್ರ ಮಾತಾಡ್ಲಿಕ್ಕೆ ಇದು ಬೇಕಿರ್ಲಿಲ್ಲ" ಎಂದಳು.