ಬೀಗರ ಎರಡು ಪಿಕಪ್ಪು, ಒಂದು ದಿಬ್ಬ

ಫೆಬ್ರುವರಿಯ ಒಂದು ಭಾನುವಾರ ಸ್ಟೇಷನ್ ರಸ್ತೆಯಲ್ಲಿ ಚಹಾ ಕುಡಿದು, ವಿಜಯಪುರದಿಂದ ತಿಕೋಟಾ ಬಸ್ಸು ಹತ್ತಿದೆ. ಟಿಕೆಟ್ಟು ಮೂವತ್ತು ರೂಪಾಯಿಯೋ ಮೂವತ್ತೈದೋ. ಚೀಟಿ ಕಳೆದಿದೆ, ನೆನಪನ್ನು ನಾನು ನಂಬುವುದಿಲ್ಲ. ಅದಕ್ಕೇ ದಾರಿಯುದ್ದಕ್ಕೂ ನೋಟ್‌ಬುಕ್ಕಿನಲ್ಲಿ ಬರೆಯುವ ಚಟ. ಆ ಚಟದಿಂದಲೇ ನನ್ನನ್ನು ನಿರ್ಣಾಯಕನಾಗಿ ಕರೆಸಿದ್ದರು.

ತಿಕೋಟಾದ ಸೋದರಮಾವ ಬಸಪ್ಪನವರದು ಕಪ್ಪು ಪಿಕಪ್ಪು. ಬಬಲೇಶ್ವರದ ಅವರ ಬೀಗರು ಮಲ್ಲಪ್ಪನವರದು ಕೆಂಪು. ಎರಡೂ ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಹೋಗುವ, ಕಲ್ಲು ಕೆಸರಿಗೆಂದೇ ಮಾಡಿದ ದುಬಾರಿ ಗಾಡಿಗಳು. ಈಗ ಇಬ್ಬರೂ ಕೂಡಿ ಒಣದ್ರಾಕ್ಷಿ ವ್ಯಾಪಾರ ಮಾಡುವುದರಿಂದ ಒಂದನ್ನು ಮಾರಬೇಕೆಂದು ಎರಡೂ ಮನೆಯ ಹೆಂಗಸರು ತೀರ್ಮಾನಿಸಿದ್ದರು. ಯಾವುದನ್ನೆಂಬುದು ಗಂಡಸರಿಗೆ ಬಿಟ್ಟದ್ದು. ಮಾವ ಬಾನೆಟ್ಟನ್ನು ತಮ್ಮ ಧೋತರದ ತುದಿಯಿಂದಲೇ ಒರೆಸುತ್ತಿದ್ದರು.

ಬೀಗರೂ ತಮ್ಮ ಕೆಂಪು ಗಾಡಿಯೊಂದಿಗೆ ತಿಕೋಟಾಕ್ಕೆ ಬಂದಿದ್ದರು. ಎರಡೂ ಗಾಡಿಯ ಹಿಂದೆ ಒಂದೊಂದು ಕ್ರೇಟು ಹಸಿದ್ರಾಕ್ಷಿ ತೆರೆದಿಟ್ಟು, ಹೊಲದ ದಾರಿಯಲ್ಲಿ ಬಬಲೇಶ್ವರಕ್ಕೆ ಹೋಗುವುದೆಂದಾಯಿತು. ನಡುವಿನ ಕಲ್ಲುದಿಬ್ಬದಲ್ಲಿ ಯಾರ ದ್ರಾಕ್ಷಿ ಹೆಚ್ಚು ಚೆಲ್ಲುತ್ತದೋ ಅವರ ಗಾಡಿ ಮಾರಾಟಕ್ಕೆ. ನಾನು ಎರಡರಲ್ಲೂ ಕುಳಿತು ದಿಬ್ಬ ಹತ್ತಬೇಕು.

ರೊಟ್ಟಿ, ಶೇಂಗಾ ಚಟ್ನಿ ತಿಂದು ಹೊರಟೆವು. ಹೊರಟೆವೆಂದರೆ, ಎಂಜಿನ್ ಶುರುವಾಯಿತು.

“ಬೀಗರ, ನೀವು ಮುಂದ ನಡೀರಿ” ಎಂದರು ಮಾವ.

“ಛೇ, ನಿಮ್ಮನ್ನ ಹಿಂದ ಹಾಕಿ ನಾ ಹ್ಯಾಂಗ ಹೋಗ್ಲಿ?”

ನೋಟ್‌ಬುಕ್ಕಿನ ಪ್ರಕಾರ ಇದು ಇಪ್ಪತ್ತು ನಿಮಿಷ ನಡೆಯಿತು. ಕೊನೆಗೆ ಮುಂದಾದ ಮಾವ, ಬೀಗರಿಗೆ ಧೂಳು ಹಾರೀತೆಂದು ನಿಧಾನ. ಬೀಗರು, ಬೆನ್ನಟ್ಟಿದಂತಾದೀತೆಂದು ಇನ್ನೂ ನಿಧಾನ. ಒಂದು ಕುರಿಹಿಂಡು ನಮ್ಮನ್ನು ದಾಟಿತು. ಕುರಿ ಕಾಯುವ ಅಜ್ಜ ಕಿಟಕಿಗೆ ಬಗ್ಗಿ ಕೇಳಿದ: “ಗಾಡಿ ಕೆಟ್ಟೈತೇನ್ರಿ ಯಪ್ಪಾ? ನೂಕ್ಲೇನು?”

ಅಲ್ಲಿಗೆ ಮರ್ಯಾದೆ ಮುಗಿಯಿತು. ಮಾವ ಗೇರು ಬದಲಿಸಿ ದಿಬ್ಬಕ್ಕೆ ನುಗ್ಗಿದರು. ನಾನು ಬರೆಯುತ್ತಲೇ ಇದ್ದೆ. ಮೇಲೆ ಇಳಿದು, ಕೆಳಗೆ ನಡೆದು ಬಂದು, ಕೆಂಪು ಗಾಡಿಯಲ್ಲಿ ಮತ್ತೆ ಹತ್ತಿದೆ, ಆಗಲೂ ಬರೆದೆ. ನೋಡಿದರೆ ಎರಡೂ ಕ್ರೇಟು ಬೋರಲಾಗಿದ್ದವು. ಚೆಲ್ಲಿದ ಸಾಕ್ಷಿಯನ್ನು ಕುರಿಗಳು ತಿನ್ನುತ್ತಿದ್ದವು.

ಉಳಿದದ್ದು ನನ್ನ ನೋಟ್‌ಬುಕ್ಕು; ಯಾವ ಗಾಡಿ ಹೆಚ್ಚು ಕುಲುಕಿತೆಂದು ಇನ್ನು ಅಕ್ಷರಗಳೇ ಹೇಳಬೇಕು. ಬಬಲೇಶ್ವರದಲ್ಲಿ ಬೀಗರ ಪಡಸಾಲೆಯಲ್ಲಿ ಅದನ್ನು ಬಿಚ್ಚಿದೆ. ಕಪ್ಪು ಗಾಡಿಯ ಪುಟದಲ್ಲಿ ಅಕ್ಷರಗಳು ಮಸಿಯಲ್ಲಿ ಬಿದ್ದೆದ್ದ ಇರುವೆಗಳಂತಿದ್ದವು. ಕೆಂಪು ಗಾಡಿಯ ಪುಟ ಓದಲು ಬರುತ್ತಿತ್ತು.

“ಗಾಡೀದಲ್ಲ ತಪ್ಪು. ಸಾಲಿಗೆ ಹೋಗೂಮುಂದಿಂದ ಇವನ ಅಕ್ಷರ ಹಿಂಗ” ಎಂದು ಮಾವ ನನ್ನತ್ತ ನೋಡಿದರು. ನಾನು ಹೌದೆಂದೆನೋ, ಬರೀ ತಲೆ ತಗ್ಗಿಸಿದೆನೋ; ಅದೊಂದನ್ನು ಬರೆದುಕೊಂಡಿಲ್ಲ.

ಕೊನೆಗೆ ಮಾವ ತಾವೇ ತಮ್ಮ ಚಾವಿಯನ್ನು ಎಲೆಅಡಿಕೆ ತಟ್ಟೆಯಲ್ಲಿಟ್ಟರು. ಬೀಗರ ಮುಖ ಸಣ್ಣದಾಯಿತು. “ನಿಮ್ಮ ಗಾಡಿ ಕಳದು ನಾ ಊರಾಗ ಹ್ಯಾಂಗ ಅಡ್ಯಾಡ್ಲಿ?” ಎಂದು ತಮ್ಮದನ್ನೂ ಪಕ್ಕಕ್ಕಿಟ್ಟರು. ಚಾವಿಗಳು ಅತ್ತಿಂದಿತ್ತ ಸರಿಯುತ್ತ ಚಹಾ ಆರಿತು. ಚಹಾದ ಲೋಟ ಒಯ್ಯಲು ಬಂದ ಮಲ್ಲಪ್ಪನವರ ಹೆಂಡತಿ ಎರಡೂ ಚಾವಿಯನ್ನು ಸೆರಗಿಗೆ ಗಂಟು ಹಾಕಿಕೊಂಡರು.

“ಎರಡೂ ಮಾರೂನು. ದ್ರಾಕ್ಷಿ ಹೊರಾಕ ಒಂದು ಟೆಂಪೋ ಸಾಕು.”



ಹೀಗಾಗಿ ಸಂಜೆ ವಿಜಯಪುರದ ಬಸ್ಸಿನಲ್ಲಿ ಮಾವ ನನ್ನ ಪಕ್ಕದಲ್ಲಿದ್ದರು. ಅಲ್ಲಿಂದ ಅವರು ತಿಕೋಟಾಕ್ಕೆ ಬೇರೆ ಬಸ್ಸು ಹಿಡಿಯಬೇಕು. ಊರು ದಾಟುವವರೆಗೂ ಅವರು ಹಿಂದಿನ ಗಾಜಿನತ್ತಲೇ ತಿರುಗಿದ್ದರು. ನಾನು ದಿನದ ಕೊನೆಯ ಸಾಲುಗಳನ್ನು ಬರೆದೆ. ಬಸ್ಸು ಹಳೆಯದು, ಆದರೆ ರಸ್ತೆ ಡಾಂಬರಿನದು. ಅಕ್ಷರಗಳು ಸಾಲಾಗಿ ಕುಳಿತವು. ಮಾವ ಪುಟವನ್ನು ಬಹಳ ಹೊತ್ತು ನೋಡಿದರು.

“ಅಕ್ಷರ ಈಗ ಸುಧಾರಿಸ್ಯಾವ ನೋಡಲೇ ನಿನ್ನವು” ಎಂದರು.