ಒಂದೇ ಪೆಟ್ಟಿಗೆಯೊಳಗಿನ ವಾರಗಿತ್ತಿಯರು

"ಎರಡೂ ಒಟ್ಟಿಗೇ ಸಾಯೋಕೆ ಹೇಗೆ ಸಾಧ್ಯ?"

ಪ್ರಶ್ನೆ ಯಾರಿಗೂ ಅಲ್ಲ. ಬೆಳಗಿನ ಐದೂವರೆ. ಶ್ರವಣ ಕೇಂದ್ರದ ಒಳಕೋಣೆಯಲ್ಲಿ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ವೈರಕ್ಕ ಗಾಳಿಗೆ ಕೇಳುತ್ತಾರೆ. ಅಂಗೈಯಲ್ಲಿ ನಾಲ್ಕು ಸ್ಕ್ರೂ. ಹೆತ್ತವರಿಟ್ಟ ಹೆಸರು ಬೇರೆ ಇದೆ, ಆದರೆ ಅವರು ದುಡಿಯುವ ಏಳು ಕಡೆಗಳಲ್ಲಿ ಅದು ಯಾರಿಗೂ ಗೊತ್ತಿಲ್ಲ.

ಹೊರಗಿನ ಬೆಂಚಿನ ಮೇಲೆ ನಾಲ್ಕು ತಿಂಗಳ ಮಗುವಿನೊಂದಿಗೆ ಒಬ್ಬ ತಾಯಿ ಕಾದಿದ್ದಾಳೆ. ನಿನ್ನೆ ಸಂಜೆ ಅವಳ ಶ್ರವಣಯಂತ್ರ ಕೈಜಾರಿ ಬಿದ್ದು, ತನ್ನ ಅಳತೆಗಳನ್ನೆಲ್ಲ ಮರೆತು ಬರೀ ಸಿಳ್ಳೆ ಹಾಕತೊಡಗಿದೆ. "ರಾತ್ರಿಯೆಲ್ಲ ಈ ಕೂಸಿನ ಎದೆ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ ಅಕ್ಕಾ. ಅತ್ತರೆ ಗೊತ್ತಾಗ್ಬೇಕಲ್ಲ" ಎಂದಿದ್ದಾಳೆ, ಬಾಗಿಲು ತೆಗೆಯುವಾಗ.

ಅವಳಂಥ ಹಳೆಯ ಯಂತ್ರದವರು ಈ ಕೇಂದ್ರದಲ್ಲಿ ಇನ್ನೂರ ಹನ್ನೆರಡು ಮಂದಿ. ಹೊಸ ಯಂತ್ರ ಅವರ ಕಿವಿಗೆ ಒಗ್ಗಿಲ್ಲ. ಹಳೆಯದನ್ನು ಹದಗೊಳಿಸುವ ತಂತ್ರಾಂಶವೋ, ಕಂಪ್ಯೂಟರಿನ ಹಳೆಯ ಕಾರ್ಯವ್ಯವಸ್ಥೆಯಲ್ಲಿ, ಅಂದರೆ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮಾತ್ರ ಬಾಯಿ ಬಿಡುತ್ತದೆ. ಹೊಸ ಯಂತ್ರಗಳಿಗೆ ಹೊಸ ವ್ಯವಸ್ಥೆಯೇ ಬೇಕು. ಹಾಗಾಗಿ ಒಂದೇ ಪೆಟ್ಟಿಗೆಯಲ್ಲಿ ಎರಡು ಹಾರ್ಡ್ ಡಿಸ್ಕ್, ಒಂದೊಂದರಲ್ಲಿ ಒಂದೊಂದು ವ್ಯವಸ್ಥೆ.

"ವಾರಗಿತ್ತಿಯರು ಇದ್ದ ಹಾಗೆ" ಎಂದು ವೈರಕ್ಕ ವಿವರಿಸುತ್ತಾರೆ. "ಸೂರು ಒಂದೇ ಆದ್ರೂ ಒಲೆ ಬೇರೆ ಇರ್ಬೇಕು. ಒಬ್ಬಳ ಒಲೆ ಆರಿದ್ರೂ ಇನ್ನೊಬ್ಬಳ ಮನೇಲಿ ಅನ್ನ ಬೇಯುತ್ತೆ."

ಇವತ್ತು ಎರಡೂ ಒಲೆ ತಣ್ಣಗಿವೆ. ನಿನ್ನೆ ಸಂಜೆ ಹೊಸ ವ್ಯವಸ್ಥೆಯ ಡಿಸ್ಕ್ ಕೆಟ್ಟಿತು. ಅದರೊಂದಿಗೆ ಹಳೆಯದೂ ಏಳಲೊಲ್ಲದು. ಹನ್ನೊಂದು ವರ್ಷಗಳ ಅಳತೆಗಳು ಅದರಲ್ಲಿವೆ. ಆ ತಾಯಿಯ ಕಿವಿಗೆಂದು ಹದಿನೇಳು ಸಲ ಕೂತು ಹದ ಮಾಡಿದ ಲೆಕ್ಕವೂ ಅಲ್ಲೇ ಇದೆ.

ವೈರಕ್ಕನಿಗೆ ನಲವತ್ತನಾಲ್ಕು. ಟೈಪಿಂಗ್ ಕಲಿಸುತ್ತಿದ್ದ ಶಾಲೆ ಮುಚ್ಚಿದಾಗ ಕೆಲಸ ಹೋಯಿತು. ಅಲ್ಲಿ ಮೂಲೆಗೆ ಬಿದ್ದಿದ್ದ ಕಂಪ್ಯೂಟರನ್ನು ಮನೆಗೆ ತಂದು, ಹನ್ನೆರಡು ಸಲ ಬಿಚ್ಚಿ ಹನ್ನೆರಡು ಸಲ ಜೋಡಿಸಿದರು. "ನಮ್ಮತ್ತೆ, 'ಇವಳು ಅಡುಗೆ ಮಾಡೋದು ಬಿಟ್ಟು ಡಬ್ಬಿ ತೊಳೀತಾಳೆ' ಅಂತಿದ್ರು. ಈಗ ಅವರ ಕಿವಿಯ ಯಂತ್ರಾನೂ ಇಲ್ಲಿಂದಲೇ. ಬೈದದ್ದು ಅವರಿಗೇ ಚೆನ್ನಾಗಿ ಕೇಳುತ್ತೆ" ಎಂದು ನಗುತ್ತಾರೆ. ಈಗ ಇಪ್ಪತ್ತಮೂರು ಕಂಪ್ಯೂಟರುಗಳ ಹೊಣೆ ಅವರದು. ದಿನಕ್ಕೆ ಹದಿನೆಂಟು ಕಿಲೋಮೀಟರು ಸೈಕಲ್ಲು. ಚೀಲದಲ್ಲಿ ಎರಡು ಸ್ಕ್ರೂಡ್ರೈವರು, ಧೂಳು ಒರೆಸುವ ಒಂದು ಕುಂಚ, ಮೆತ್ತನೆಯ ಬಟ್ಟೆ.

ಅವರು ಕೆಟ್ಟ ಡಿಸ್ಕಿನ ಕೇಬಲ್ಲು ಕೀಳುತ್ತಾರೆ. ಹಳೆಯದಕ್ಕೆ ವಿದ್ಯುತ್ತು ಕೊಟ್ಟು, ಬಗ್ಗಿ, ಕಿವಿಯೊಡ್ಡುತ್ತಾರೆ. ಪಾರಾಯಣಕ್ಕೆ ಕೂತವರ ಮುಖದಲ್ಲಿ ಕಾಣುವಂಥ ನಿಶ್ಚಲತೆ. ಒಳಗಿನ ತಟ್ಟೆ ಸಮನಾಗಿ, ಎಲ್ಲೂ ಎಡವದೆ ಗುನುಗುತ್ತಿದೆ.

"ಉಸಿರಿದೆ."

ಅದನ್ನು ಬಿಚ್ಚಿ ತಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸುತ್ತಾರೆ. ಇನ್ನೂರ ಹನ್ನೆರಡು ಕಡತಗಳೂ ಸಾಲಾಗಿ ಕಾಣಿಸುತ್ತವೆ. ಹಾಗಾದರೆ ಏಳುವುದಿಲ್ಲವೇಕೆ? ಕಿತ್ತ ಕೇಬಲ್ಲಿನತ್ತ ನೋಡಿ ಹಣೆ ಬಡಿದುಕೊಳ್ಳುತ್ತಾರೆ. "ಅಯ್ಯೋ, ಇದು ನಂದೇ ಘನಕಾರ್ಯ!"

ಆರು ವರ್ಷದ ಹಿಂದಿನ ಮಾತು. ಹೊಸ ವ್ಯವಸ್ಥೆ ಹಾಕುವಾಗ ಹಳೆಯ ಡಿಸ್ಕಿನ ಕೇಬಲ್ಲು ಕೀಳಬೇಕಿತ್ತು. ಹೊರಗೆ ಕಾದವರ ಸಾಲು ಉದ್ದವಿತ್ತು, ಅವಸರದಲ್ಲಿ ಕೀಳಲಿಲ್ಲ. ಹೊಸದು ಹಳೆಯದರ ಮೊದಲ ಪುಟವನ್ನು, ಅಂದರೆ ಕಂಪ್ಯೂಟರು ಏಳುವಾಗ ಮೊದಲು ಓದುವ ಸೂಚನೆಯನ್ನು, ಅಳಿಸಿ, ಎಬ್ಬಿಸುವ ಕೆಲಸವನ್ನು ತಾನೇ ವಹಿಸಿಕೊಂಡಿತು. ಅಂದಿನಿಂದ ಹಳೆಯದು ಹೊಸದರ ಕಿಡಿಯಿಂದಲೇ ಹೊತ್ತಿಕೊಳ್ಳುತ್ತಿತ್ತು. ಎರಡೂ ನೆಟ್ಟಗಿದ್ದಷ್ಟು ದಿನ ಯಾರಿಗೂ ತಿಳಿಯಲಿಲ್ಲ.

"ಆಮೇಲೆ ಎಲ್ಲೂ ಕೇಬಲ್ಲು ಕೀಳದೆ ಕೆಲಸ ಮಾಡಿಲ್ಲ. ಇದೊಂದು ಹಾಗೇ ಉಳಿದುಹೋಯ್ತು" ಎನ್ನುತ್ತಾರೆ, ದನಿ ತಗ್ಗಿಸಿ. ತಮ್ಮ ತಪ್ಪನ್ನು ಇಷ್ಟು ನೇರವಾಗಿ ಹೇಳಿಕೊಳ್ಳುವವರು ಅಪರೂಪ.

ಮೊದಲು ಕಡತಗಳ ನಕಲು. ಆಮೇಲೆ ಹಳೆಯ ಡಿಸ್ಕೊಂದನ್ನೇ ಪೆಟ್ಟಿಗೆಗೆ ಜೋಡಿಸಿ, ದುರಸ್ತಿಯ ಸಿ.ಡಿ. ಹಾಕಿ, ಅದಕ್ಕೆ ಅದರದೇ ಮೊದಲ ಪುಟವನ್ನು ಬರೆದುಕೊಡುತ್ತಾರೆ. ಹತ್ತು ನಿಮಿಷ. ಪರದೆ ಕಪ್ಪಾಗುತ್ತದೆ, ಹಾಗೇ ನಿಲ್ಲುತ್ತದೆ. ನಂತರ ಆ ಹಳೆಯ ವ್ಯವಸ್ಥೆಯ ಎದ್ದೇಳುವ ನಾದ, ಸಣ್ಣಗೆ. ವೈರಕ್ಕ ಗೋಡೆಗೊರಗಿ ಕಣ್ಮುಚ್ಚುತ್ತಾರೆ.

ಏಳಕ್ಕೆ ಬಂದ ಕೇಂದ್ರದ ಮೇಡಮ್ಮು ತಾಯಿಯ ಕಿವಿಗೆ ಯಂತ್ರವಿಟ್ಟು ಅಳತೆಗಳನ್ನು ತುಂಬುತ್ತಾರೆ. ಅದೇ ಹೊತ್ತಿಗೆ ಮಗು ಸೂರು ಹಾರುವಂತೆ ಕಿರುಚುತ್ತದೆ. ತಾಯಿ ಬೆಚ್ಚಿ, ಅತ್ತು, ನಕ್ಕು, "ಕೇಳ್ತು ಕಣೋ ಮಾರಾಯ, ಕೇಳ್ತು! ಸಾಕು ಮಾಡು!" ಎಂದು ಅದರ ಕೆನ್ನೆ ಹಿಂಡುತ್ತಾಳೆ.

ಮೇಡಮ್ಮಿನ ಮುಖವೂ ಹಗುರಾಗಿದೆ. ಮೇಜಿನ ಖಾನೆಯಿಂದ ಹೊಚ್ಚ ಹೊಸ ಡಿಸ್ಕ್ ತೆಗೆದುಕೊಡುತ್ತಾ, "ಇದು ತುಂಬ ದೊಡ್ಡದು ಅಕ್ಕಾ. ಎರಡನ್ನೂ ಇದರಲ್ಲೇ ಹಾಕಿಬಿಡಿ. ಆ ಮುದಿ ಡಿಸ್ಕ್ ತೆಗೆದು ಬಿಸಾಕೋಣ, ರಗಳೆಯೇ ಇರಲ್ಲ" ಎನ್ನುತ್ತಾರೆ.

ವೈರಕ್ಕ ಹೊಸ ಡಿಸ್ಕನ್ನು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಾರೆ. ತಾಯಿ ಕಾದು ಕೂತಿದ್ದ ಬೆಂಚಿನತ್ತ ಒಮ್ಮೆ ನೋಡುತ್ತಾರೆ.

"ಇಲ್ಲ ಮೇಡಮ್. ಇರೋ ಒಂದೇ ಒಲೆ ಆರಿದ್ರೆ ಇಬ್ಬರಿಗೂ ಉಪವಾಸ. ಬೇರೇನು ಬೇಕಾದ್ರೂ ಹೇಳಿ, ಇದನ್ನ ನಾನು ಮಾಡಲ್ಲ."